ಕೊನೆಯ ಗೇಮ್, ಕಪ್ಪು ಕಾಯಿ

2024ರ ಡಿಸೆಂಬರ್ 12, ಸಿಂಗಪುರ. ವಿಶ್ವ ಚೆಸ್ ಚಾಂಪಿಯನ್‌ಷಿಪ್‌ನ ಹದಿನಾಲ್ಕನೇ ಗೇಮ್. ಅಲ್ಲಿಯವರೆಗೆ ಇಬ್ಬರದ್ದೂ ಆರೂವರೆ ಅಂಕ. ಬಿಳಿ ಕಾಯಿ ಚಾಂಪಿಯನ್ ಡಿಂಗ್ ಲಿರೆನ್ ಅವರದು, ಕಪ್ಪು ಕಾಯಿ ಸವಾಲು ಹಾಕಿದ ಗುಕೇಶ್ ಅವರದು. ಡ್ರಾ ಆದರೆ ಮರುದಿನ ಟೈಬ್ರೇಕ್. ಅಲ್ಲಿ ಯೋಚನೆಗೆ ಸಮಯ ಕಡಿಮೆ. ಅಂಥ ವೇಗದ ಆಟದಲ್ಲಿ ಡಿಂಗ್ ಅವರದೇ ಮೇಲುಗೈ ಅಂತ ತುಂಬಾ ಜನ ಅಂದುಕೊಂಡಿದ್ದರು. ಬಹುಶಃ ಡಿಂಗ್ ಕೂಡ ಹಾಗೇ ಅಂದುಕೊಂಡಿದ್ದಿರಬೇಕು.

ಯಾಕಂದ್ರೆ ಬಿಳಿ ಕಾಯಿ ಕೈಯಲ್ಲಿದ್ದರೂ ಅವರು ಆಟವನ್ನು ತಣ್ಣಗೆ ಮಾಡುತ್ತಾ ಹೋದರು. ಒಂದೊಂದೇ ಕಾಯಿಯನ್ನು ಅದಲುಬದಲು ಮಾಡಿಕೊಂಡರು. ಒಂದು ಕಾಲಾಳನ್ನು ಬಿಟ್ಟುಕೊಟ್ಟು, ಡ್ರಾ ಆಗಲೇಬೇಕಾದಂಥ ಜಾಗಕ್ಕೆ ಬಂದು ಕೂತರು. ಇಬ್ಬರ ಬಳಿಯೂ ಒಂದು ಆನೆ, ಒಂದು ಒಂಟೆ. ಗುಕೇಶ್ ಹತ್ತಿರ ಒಂದು ಕಾಲಾಳು ಜಾಸ್ತಿ. ಲೆಕ್ಕದ ಪ್ರಕಾರ ಅದು ಡ್ರಾ. ಆದರೆ ಗುಕೇಶ್ ಎದ್ದು ಹೋಗಲಿಲ್ಲ. ಆನೆಯನ್ನು ಇಲ್ಲಿಂದ ಅಲ್ಲಿಗೆ, ರಾಜನನ್ನು ಒಂದು ಮನೆ ಮುಂದೆ. ಸುಮ್ನೆ ಆಡುತ್ತಲೇ ಇದ್ದರು.

55ನೇ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ಎಫ್2 ಮನೆಗೆ ತಂದರು. ಅಷ್ಟೇ. ಗುಕೇಶ್ ಆನೆಗೆ ಆನೆ ಹೊಡೆದು, ಒಂಟೆಯನ್ನು ಒಂಟೆಯ ಎದುರು ತಂದಿಟ್ಟರು. ಡಿಂಗ್ ಅವರ ಒಂಟೆ ಎ8 ಮೂಲೆಯಲ್ಲಿ ಸಿಕ್ಕಿಕೊಂಡಿತ್ತು, ತಪ್ಪಿಸಿಕೊಳ್ಳಲು ಜಾಗವೇ ಇರಲಿಲ್ಲ. ಅದೂ ಹೋಯಿತು. ಒಂಟೆಗೆ ಒಂಟೆ ಹೋಗಿ ಉಳಿದದ್ದು ರಾಜರು ಮತ್ತು ಕಾಲಾಳುಗಳು ಮಾತ್ರ. ಅಂಥ ಆಟದಲ್ಲಿ ಒಂದು ಹೆಚ್ಚುವರಿ ಕಾಲಾಳು ಅಂದರೆ ಎಲ್ಲವೂ. 58ನೇ ನಡೆಯ ಹೊತ್ತಿಗೆ ಡಿಂಗ್ ಸೋಲೊಪ್ಪಿಕೊಂಡರು. 18ನೇ ವಯಸ್ಸಿಗೆ ಗುಕೇಶ್ ವಿಶ್ವ ಚಾಂಪಿಯನ್.

ಆ ಒಂದು ತಪ್ಪಿನ ಬಗ್ಗೆ ಆಗ ಎಲ್ಲರೂ ಬರೆದರು. ಗುಕೇಶ್ ವಯಸ್ಸಿನ ಬಗ್ಗೆ ಇನ್ನೂ ಜಾಸ್ತಿ ಬರೆದರು. ನನ್ನ ತಲೆಯಲ್ಲಿ ಉಳಿದುಕೊಂಡದ್ದು ಕಾಯಿಗಳ ಬಣ್ಣ. ಆ ಪಂದ್ಯದಲ್ಲಿ ಸೋಲು ಗೆಲುವು ಕಂಡದ್ದು ಐದೇ ಗೇಮ್. ಮೂರು, ಹನ್ನೊಂದು, ಹನ್ನೆರಡನೇ ಗೇಮ್‌ಗಳನ್ನು ಬಿಳಿ ಗೆದ್ದಿತು. ಮೊದಲನೆಯದನ್ನು ಮತ್ತು ಕೊನೆಯದನ್ನು ಕಪ್ಪು ಗೆದ್ದಿತು. ಮೊದಲ ಗೇಮ್‌ನಲ್ಲಿ ಗುಕೇಶ್ ಬಿಳಿ ಹಿಡಿದು ಸೋತಿದ್ದರು. ಕೊನೆಯ ಗೇಮ್‌ನಲ್ಲಿ ಡಿಂಗ್ ಬಿಳಿ ಹಿಡಿದು ಸೋತರು. ಚೆಸ್‌ನಲ್ಲಿ ಬಿಳಿಯೇ ಲಾಭದ ಕಡೆ ಅಂತ ಎಲ್ಲರೂ ಹೇಳುತ್ತಾರೆ. ಹಾಗಿದ್ದರೆ ಇದೇನು?

ಕಾಕತಾಳೀಯ ಇರಬಹುದು ಅಂತ ಹಿಂದಿನ ಪಂದ್ಯಗಳ ಕೊನೆಯ ಗೇಮ್‌ಗಳನ್ನು ತೆಗೆದು ನೋಡಿದೆ.

2023, ಅಸ್ತಾನಾ. ಡಿಂಗ್ ಮತ್ತು ಇಯಾನ್ ನೆಪೊಮ್‌ನಿಯಾಚಿ. ಹದಿನಾಲ್ಕು ಗೇಮ್ ಮುಗಿದಾಗ 7-7. ಆಮೇಲೆ ಟೈಬ್ರೇಕ್, ರ್‍ಯಾಪಿಡ್ ಅನ್ನುವ ವೇಗದ ಗೇಮ್‌ಗಳು. ರ್‍ಯಾಪಿಡ್‌ನ ಮೊದಲ ಮೂರೂ ಡ್ರಾ. ನಾಲ್ಕನೆಯದರಲ್ಲಿ ನೆಪೊಮ್‌ನಿಯಾಚಿ ಬಿಳಿ, ಡಿಂಗ್ ಕಪ್ಪು. ನೆಪೊಮ್‌ನಿಯಾಚಿ ರಾಣಿಯಿಂದ ಚೆಕ್ ಕೊಟ್ಟರು. ಅದೇ ನಡೆಗಳನ್ನು ಮತ್ತೆ ಮತ್ತೆ ಆಡಿ ಡ್ರಾ ಮಾಡಿಕೊಳ್ಳುತ್ತಾರೆ ಅಂತ ನೋಡುವವರು ಕಾಯುತ್ತಿದ್ದರು. ಗಡಿಯಾರದಲ್ಲಿ ಸಮಯ ಖಾಲಿಯಾಗುತ್ತಿತ್ತು. ಡಿಂಗ್ ರಾಜನನ್ನು ಸರಿಸಲಿಲ್ಲ. ಆನೆಯನ್ನು ಅಡ್ಡ ತಂದು, ಅದು ಅಲುಗಾಡಲು ಆಗದ ಜಾಗದಲ್ಲಿ ತಾವೇ ಇಟ್ಟರು. ಡ್ರಾ ಬೇಡ ಅಂದ ಹಾಗೆ. ಗೆದ್ದು ಚಾಂಪಿಯನ್ ಆದರು. ಅಂದರೆ ಡಿಂಗ್‌ಗೆ ಪಟ್ಟ ಬಂದದ್ದು ಕಪ್ಪು ಕಾಯಿಯಿಂದ, ಹೋದದ್ದು ಬಿಳಿ ಕಾಯಿಯಿಂದ.

2021, ದುಬೈ. ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ಅದೇ ನೆಪೊಮ್‌ನಿಯಾಚಿ. ಹನ್ನೊಂದನೇ ಗೇಮ್‌ಗೆ ಪಂದ್ಯ ಮುಗಿಯಿತು. ಬಿಳಿ ನೆಪೊಮ್‌ನಿಯಾಚಿ, ಗೆದ್ದದ್ದು ಕಪ್ಪು.

2010, ಸೋಫಿಯಾ. ವಿಶ್ವನಾಥನ್ ಆನಂದ್ ಮತ್ತು ವೆಸೆಲಿನ್ ಟೊಪಲೊವ್. ಕೊನೆಯ, ಅಂದರೆ ಹನ್ನೆರಡನೇ ಗೇಮ್. ಬಿಳಿ ಟೊಪಲೊವ್, ಗೆದ್ದದ್ದು ಆನಂದ್.

1985, ಮಾಸ್ಕೋ. ಕಾರ್ಪೊವ್ ಮತ್ತು ಕ್ಯಾಸ್ಪರೊವ್. 24ನೇ ಗೇಮ್. ಬಿಳಿ ಕಾರ್ಪೊವ್, ಗೆದ್ದದ್ದು ಕ್ಯಾಸ್ಪರೊವ್. ಆಗ ಅವರಿಗೆ 22 ವರ್ಷ. ಅತಿ ಕಿರಿಯ ವಿಶ್ವ ಚಾಂಪಿಯನ್ ಅನ್ನುವ ಆ ದಾಖಲೆಯನ್ನೇ ಗುಕೇಶ್ ಮುರಿದದ್ದು. ಇಬ್ಬರೂ ಕೊನೆಯ ಗೇಮ್‌ನಲ್ಲಿ, ಇಬ್ಬರೂ ಕಪ್ಪು ಕಾಯಿಯಲ್ಲಿ.

1972, ರೇಕ್ಯಾವಿಕ್. ಸ್ಪಾಸ್ಕಿ ಮತ್ತು ಫಿಷರ್. 21ನೇ ಗೇಮ್ ಮಧ್ಯದಲ್ಲಿ ನಿಂತಿತ್ತು, ಮರುದಿನ ಮುಂದುವರಿಯಬೇಕಿತ್ತು. ಸ್ಪಾಸ್ಕಿ ಫೋನ್ ಮಾಡಿ ಸೋಲೊಪ್ಪಿಕೊಂಡರು. ಅಲ್ಲೂ ಬಿಳಿ ಸ್ಪಾಸ್ಕಿಯದು.

ಇಷ್ಟು ನೋಡಿದ ಮೇಲೆ ಏನೋ ದೊಡ್ಡ ಗುಟ್ಟು ಸಿಕ್ಕಿತು ಅನ್ನಿಸುವುದು ಸಹಜ. ಆದರೆ ನನಗೆ ಬೇಕಾದ್ದನ್ನಷ್ಟೇ ಆರಿಸಿಕೊಂಡರೆ ಆಗುವುದಿಲ್ಲವಲ್ಲ. 2016ರಲ್ಲಿ ನ್ಯೂಯಾರ್ಕ್‌ನಲ್ಲಿ ಕಾರ್ಲ್‌ಸನ್ ಕರ್ಯಾಕಿನ್‌ರನ್ನು ಕೊನೆಯ ರ್‍ಯಾಪಿಡ್‌ನಲ್ಲಿ ರಾಣಿಯನ್ನೇ ಬಲಿಕೊಟ್ಟು ಸೋಲಿಸಿದರು, ಅದು ಬಿಳಿ ಕಾಯಿ. 2018ರಲ್ಲಿ ಲಂಡನ್‌ನಲ್ಲಿ ಕರುವಾನಾ ವಿರುದ್ಧದ ಹನ್ನೆರಡೂ ಗೇಮ್ ಡ್ರಾ ಆದವು. ಆಮೇಲೆ ರ್‍ಯಾಪಿಡ್‌ನಲ್ಲಿ ಮುಗಿಸಿದ ಗೇಮ್ ಕೂಡ ಕಾರ್ಲ್‌ಸನ್ ಬಿಳಿಯಲ್ಲಿ ಆಡಿದ್ದು. 2004ರಲ್ಲಿ ಬ್ರಿಸ್ಸಾಗೊದಲ್ಲಿ ಕ್ರಾಮ್ನಿಕ್ ಕೊನೆಯ ಗೇಮ್ ಗೆಲ್ಲಲೇಬೇಕಿತ್ತು, ಲೆಕೊ ವಿರುದ್ಧ ಬಿಳಿ ಹಿಡಿದು ಗೆದ್ದು ಪಟ್ಟ ಉಳಿಸಿಕೊಂಡರು. ಹಾಗಾಗಿ ಕಪ್ಪು ಕಾಯಿಗೆ ಏನೋ ಮಾಂತ್ರಿಕ ಶಕ್ತಿ ಇದೆ ಅಂತ ಯಾರೂ ಹೇಳಲಾರರು. ಒಟ್ಟು ಲೆಕ್ಕ ತೆಗೆದರೆ ಬಿಳಿಯದೇ ಮೇಲುಗೈ. ಪ್ರಬಲ ಆಟಗಾರರ ಗೇಮ್‌ಗಳಲ್ಲಿ ಗೆಲುವಿಗೆ ಒಂದು, ಡ್ರಾಗೆ ಅರ್ಧ ಅಂತ ಅಂಕ ಹಾಕಿದರೆ ಬಿಳಿಗೆ ನೂರಕ್ಕೆ ಸುಮಾರು 54ರಿಂದ 55 ಸಿಗುತ್ತದೆ.

ಯಂತ್ರಗಳ ಮಟ್ಟದಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಂಡದ್ದುಂಟು. 2017ರಲ್ಲಿ ಆಲ್ಫಾಝೀರೋ ಅನ್ನುವ ಪ್ರೋಗ್ರಾಂ ಸ್ಟಾಕ್‌ಫಿಶ್ ಅನ್ನುವ ಇನ್ನೊಂದು ಚೆಸ್ ಪ್ರೋಗ್ರಾಂ ವಿರುದ್ಧ ನೂರು ಗೇಮ್ ಆಡಿತು. 28 ಗೆದ್ದಿತು, 72 ಡ್ರಾ, ಒಂದೂ ಸೋಲಿಲ್ಲ. ಆ 28ರಲ್ಲಿ 25 ಬಿಳಿಯಲ್ಲಿ, ಮೂರೇ ಮೂರು ಕಪ್ಪಿನಲ್ಲಿ. ಮನುಷ್ಯರನ್ನೆಲ್ಲ ಮೀರಿಸುವ ಯಂತ್ರಕ್ಕೂ ಕಪ್ಪು ಹಿಡಿದು ಗೆಲ್ಲುವುದು ಅಷ್ಟು ಕಷ್ಟವಾಗಿತ್ತು ಅಂದರೆ ಮೊದಲ ನಡೆಯ ಬೆಲೆ ಸಣ್ಣದೇನಲ್ಲ.

ಆ ಬೆಲೆ ಎಲ್ಲಿಂದ ಬರುತ್ತದೆ ಅಂತ ನೋಡಿದರೆ, ಬೋರ್ಡಿನ ಮೇಲೆ ಎರಡೂ ಸೈನ್ಯಕ್ಕೆ ಬೇರೆ ಯಾವ ವ್ಯತ್ಯಾಸವೂ ಇಲ್ಲ. ಅಷ್ಟೇ ಕಾಯಿ, ಅವೇ ಕಾಯಿ, ಎದುರುಬದುರು ನಿಂತಿರುತ್ತವೆ. ಬಿಳಿ ರಾಜ ನಿಲ್ಲುವುದು ಕಪ್ಪು ಮನೆಯಲ್ಲಿ, ಕಪ್ಪು ರಾಜ ನಿಲ್ಲುವುದು ಬಿಳಿ ಮನೆಯಲ್ಲಿ! ಇದು ಗೊತ್ತಿದ್ದರೂ ಪ್ರತಿ ಸಲ ಕಾಯಿ ಜೋಡಿಸುವಾಗ ನನಗೆ ಖುಷಿ ಕೊಡುವ ಸಂಗತಿ. ವ್ಯತ್ಯಾಸ ಇರುವುದು ಸರದಿಯಲ್ಲಿ ಮಾತ್ರ. ಬಿಳಿ ಒಂದು ನಡೆ ಮುಂದೆ. ಮಧ್ಯದ ಮನೆಗಳಿಗೆ ಮೊದಲು ಕಾಲಾಳು ಇಡುವುದು, ಕುದುರೆ ಒಂಟೆಗಳನ್ನು ಮೊದಲು ಹೊರಗೆ ತರುವುದು, ಮೊದಲು ಬೆದರಿಸುವುದು ಎಲ್ಲ ಅವನಿಗೆ ಸಾಧ್ಯ.

ಬಿಳಿಯೇ ಮೊದಲು ಅನ್ನುವುದು ಆಟದ ಜತೆಯಲ್ಲೇ ಹುಟ್ಟಿದ ನಿಯಮವೂ ಅಲ್ಲ. 19ನೇ ಶತಮಾನದ ಮಧ್ಯದಲ್ಲೂ ಕಪ್ಪು ಕಾಯಿಯವರು ಮೊದಲು ನಡೆಸಿದ ಗೇಮ್‌ಗಳಿವೆ. ಆ ಶತಮಾನದ ಕೊನೆಯ ಹೊತ್ತಿಗೆ ಬಿಳಿಯೇ ಮೊದಲು ಅನ್ನುವುದು ಗಟ್ಟಿಯಾಯಿತು. 2019ರಲ್ಲಿ ವರ್ಣಭೇದದ ವಿರುದ್ಧದ ಅಭಿಯಾನವೊಂದಕ್ಕಾಗಿ ಕಾರ್ಲ್‌ಸನ್ ಮತ್ತು ಅನೀಶ್ ಗಿರಿ ಬೇಕಂತಲೇ ಕಪ್ಪು ಕಾಯಿಯಿಂದ ಆಟ ಶುರು ಮಾಡಿದ್ದರು. ಬೋರ್ಡಿಗೆ ಅದರಿಂದ ಏನೂ ಆಗುವುದಿಲ್ಲ. ಬಣ್ಣ ಬದಲಾದರೂ ಮೊದಲು ನಡೆಸುವವನ ಲಾಭ ಮೊದಲು ನಡೆಸುವವನಿಗೇ.

ಇಷ್ಟೆಲ್ಲ ಇದ್ದರೂ ಮೊದಲ ನಡೆಯ ಲಾಭ ಅನ್ನುವುದು ಕೈಗಡ ತಂದ ದುಡ್ಡಿನ ಹಾಗೆ ಅಂತ ನನಗೆ ಅನ್ನಿಸುತ್ತದೆ. ಬೇಗ ಏನಾದರೂ ಮಾಡಿದರೆ ಅದು ದುಡಿಯುತ್ತದೆ. ಸುಮ್ನೆ ಇಟ್ಟುಕೊಂಡು ಕೂತರೆ ಕರಗುತ್ತದೆ. ನಾಲ್ಕು ನಿಧಾನದ ನಡೆ ಆಡಿ ನೋಡಿ, ಕಪ್ಪು ಬಂದು ಸಮಸಮ ನಿಂತಿರುತ್ತದೆ. ಹಾಗಾಗಿ ಬಿಳಿ ಹಿಡಿದವನ ಕೆಲಸ ಏನೋ ಒಂದನ್ನು ಕೇಳುವುದು. ಕಪ್ಪಿನವನ ಮುಂದೆ ಸಮಸ್ಯೆ ಇಡುವುದು. ಆರಾಮಾಗಿ ಇರಲು ಬಿಡದಿರುವುದು. ಕಪ್ಪಿನವನ ಮೊದಲ ಕೆಲಸ ಸಮ ಮಾಡಿಕೊಳ್ಳುವುದು. ಗೆಲ್ಲುವ ಯೋಚನೆ ಆಮೇಲೆ. ಆಟ ಕಲಿಸುವವರು ಇಷ್ಟನ್ನೇ ಹೇಳಿ ನಿಲ್ಲಿಸುತ್ತಾರೆ. ಸುಳ್ಳಲ್ಲ, ಆದರೆ ಅರ್ಧ.

ಉಳಿದರ್ಧ ಏನಂದರೆ, ಆಟ ಯಾವ ದಾರಿಯಲ್ಲಿ ಹೋಗಬೇಕು ಅನ್ನುವುದನ್ನು ಬಹಳ ಸಲ ತೀರ್ಮಾನಿಸುವುದು ಕಪ್ಪು. ಬಿಳಿಗೆ ಮೊದಲ ನಡೆಗೆ ಇಪ್ಪತ್ತು ಆಯ್ಕೆ ಇವೆ. ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಟ್ಟ ಅಂತಿಟ್ಟುಕೊಳ್ಳಿ. ಇನ್ನು ಮುಂದಿನದು ಅವನ ಕೈಯಲ್ಲಿಲ್ಲ. ಕಪ್ಪು ಸಿಸಿಲಿಯನ್ ಅನ್ನುವ ಉತ್ತರ ಆಡಿದರೆ ಬೆಂಕಿ ಬಿರುಗಾಳಿ. ಫ್ರೆಂಚ್ ಆಡಿದರೆ ಮುಚ್ಚಿದ ಬಾಗಿಲ ಮುಂದೆ ಗುದ್ದಾಟ. ಕಾರೊ-ಕಾನ್ ಆಡಿದರೆ ಗಟ್ಟಿ ಗೋಡೆ. ಮುಖಾಮುಖಿ ಕಾಲಾಳು ಇಟ್ಟರೆ ಮತ್ತೊಂದು ಲೋಕ. ಬಿಳಿ ಹಿಡಿದವನು ಈ ನಾಲ್ಕಕ್ಕೂ ತಯಾರಾಗಿ ಬರಬೇಕು. ಕಪ್ಪಿನವನು ತನಗೆ ಬೇಕಾದ ಒಂದನ್ನು ಆಳವಾಗಿ ಓದಿಕೊಂಡು ಬಂದರೆ ಆಯಿತು. ಮೇಲಾಗಿ ಬಿಳಿ ಪ್ರತಿ ನಡೆಯಲ್ಲೂ ತನ್ನ ಮನಸ್ಸಿನಲ್ಲಿರುವುದನ್ನು ಒಂದಿಷ್ಟು ಮೊದಲೇ ತೋರಿಸಿಬಿಡುತ್ತದೆ, ಕಪ್ಪು ಅದನ್ನು ನೋಡಿಕೊಂಡು ತನ್ನದನ್ನು ಇಡುತ್ತದೆ. ರುಮೇನಿಯಾದ ಗ್ರ್ಯಾಂಡ್‌ಮಾಸ್ಟರ್ ಮಿಹಾಯ್ ಸುಬಾ ಈ ವಾದವನ್ನು ಗಟ್ಟಿಯಾಗಿ ಮುಂದಿಟ್ಟವರು. ಹಂಗೇರಿಯ ಆಂಡ್ರಾಸ್ ಅಡೋರ್ಯಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಿಳಿಯ ಲಾಭದಲ್ಲಿ ದೊಡ್ಡ ಪಾಲು ನಮ್ಮ ನಂಬಿಕೆಯದ್ದೇ, ಬೋರ್ಡಿನದ್ದಲ್ಲ ಅಂದರು.

ಅಡೋರ್ಯಾನ್ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆಲ್ಫಾಝೀರೋಗೆ ನಂಬಿಕೆ ಗಿಂಬಿಕೆ ಇಲ್ಲ, ಆದರೂ ಅದು ಹೆಚ್ಚಾಗಿ ಬಿಳಿಯಲ್ಲೇ ಗೆದ್ದಿತು. ಆದರೆ ಮನುಷ್ಯರ ಮಟ್ಟಿಗೆ ಅವರ ಮಾತಿನಲ್ಲಿ ಹುರುಳಿದೆ. ಆನ್‌ಲೈನ್‌ನಲ್ಲಿ ಆಡಲು ಕೂತಾಗ ಕಪ್ಪು ಬಂದರೆ ನನ್ನ ಬೆನ್ನು ತಾನಾಗಿ ಸ್ವಲ್ಪ ಬಾಗುತ್ತದೆ. ಇನ್ನೂ ಒಂದು ನಡೆಯೂ ಆಗಿರುವುದಿಲ್ಲ! ನನ್ನ ಮಟ್ಟದ ಆಟದಲ್ಲಿ ಆ ಒಂದು ನಡೆಯಿಂದ ಯಾರೂ ಸೋಲುವುದಿಲ್ಲ, ಹತ್ತು ನಡೆ ಆದ ಮೇಲೆ ಯಾರೋ ಒಬ್ಬರು ಕುದುರೆಯನ್ನು ಸುಮ್ನೆ ಬಿಟ್ಟುಕೊಟ್ಟು ಸೋಲುತ್ತಾರೆ. ಆದರೂ ಬೆನ್ನು ಬಾಗುತ್ತದೆ. ಚಾಂಪಿಯನ್‌ಗಳನ್ನು ಬೇರೆಯವರಿಂದ ಬೇರೆ ಮಾಡುವುದು ಇಲ್ಲೇ ಇರಬೇಕು. ಫಿಷರ್, ಕ್ಯಾಸ್ಪರೊವ್ ಥರದವರು ಕಪ್ಪು ಬಂದಾಗಲೂ ಗೆಲ್ಲಲಿಕ್ಕೇ ಕೂತರು. ಸಮ ಮಾಡಿಕೊಂಡು ಉಸಿರು ಬಿಡುವ ಗೋಜಿಗೆ ಹೋಗಲಿಲ್ಲ.

1972ರ ಮೂರನೇ ಗೇಮ್ ಇದಕ್ಕೆ ಒಳ್ಳೆಯ ಸಾಕ್ಷಿ. ಫಿಷರ್ ಮೊದಲ ಗೇಮ್ ಸೋತಿದ್ದರು. ಎರಡನೆಯದಕ್ಕೆ ಬರಲೇ ಇಲ್ಲ, ಹಾಗಾಗಿ ಅದೂ ಹೋಯಿತು. 0-2. ಅಲ್ಲಿಯವರೆಗೆ ಅವರು ಸ್ಪಾಸ್ಕಿಯನ್ನು ಒಮ್ಮೆಯೂ ಸೋಲಿಸಿರಲಿಲ್ಲ. ಈಗ ಕೈಯಲ್ಲಿ ಕಪ್ಪು ಕಾಯಿ. ಬೇರೆ ಯಾರಾದರೂ ಆಗಿದ್ದರೆ ಡ್ರಾ ಸಾಕಪ್ಪ ಅನ್ನುತ್ತಿದ್ದರು. ಕ್ಯಾಮೆರಾಗಳಿಂದ ದೂರ, ಹಿಂದಿನ ಒಂದು ಚಿಕ್ಕ ಕೋಣೆಯಲ್ಲಿ ಆಡಿದ ಆ ಗೇಮ್‌ನ 11ನೇ ನಡೆಯಲ್ಲಿ ಫಿಷರ್ ಕುದುರೆಯನ್ನು ಬೋರ್ಡಿನ ಅಂಚಿಗೆ ಕಳಿಸಿದರು. ಬೇಕಿದ್ದರೆ ಅದನ್ನು ಹೊಡಿ, ನನ್ನ ರಾಜನ ಮುಂದಿನ ಕಾಲಾಳುಗಳನ್ನು ಮುರಿ ಅಂತ ಕರೆದ ಹಾಗೆ. ಸ್ಪಾಸ್ಕಿ ಹೊಡೆದರು, ಮುರಿದರು. ಗೆದ್ದದ್ದು ಫಿಷರ್. ಆ ಪಂದ್ಯ ತಿರುಗಿದ್ದು ಅಲ್ಲಿಂದ ಅಂತ ನನ್ನ ಲೆಕ್ಕ. ಸ್ಪಾಸ್ಕಿ ಎದ್ದು ಚಪ್ಪಾಳೆ ತಟ್ಟಿದ ಆರನೇ ಗೇಮ್ ಅಂದಕ್ಕೆ ಹೆಸರಾಗಿದೆ ನಿಜ, ಅದರಲ್ಲಿ ಫಿಷರ್ ಬಿಳಿ. ಆದರೆ ಪಂದ್ಯದ ದಿಕ್ಕು ಬದಲಾದದ್ದು ಮೂರನೆಯದರಲ್ಲೇ.

ಕಪ್ಪು ಆಡುವ ಇನ್ನೊಂದು ರೀತಿಯೂ ಇದೆ, ಅದಕ್ಕೆ ಬೇರೆಯೇ ಥರದ ಧೈರ್ಯ ಬೇಕು. 2000ರಲ್ಲಿ ಲಂಡನ್‌ನಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ಮಾಡಿದ್ದು ಅದನ್ನೇ. ಎದುರಿಗೆ ಕ್ಯಾಸ್ಪರೊವ್. ಬಿಳಿ ಹಿಡಿದ ಕ್ಯಾಸ್ಪರೊವ್ ಅಂದರೆ ಆಗ ಇಡೀ ಜಗತ್ತು ಹೆದರುತ್ತಿತ್ತು. ಕ್ರಾಮ್ನಿಕ್ ಬರ್ಲಿನ್ ಡಿಫೆನ್ಸ್ ಅನ್ನುವ ಹಳೆಯ ದಾರಿಯನ್ನು ದೂಳು ಕೊಡವಿ ತಂದರು. ಎಂಟನೇ ನಡೆಗೆ ಎರಡೂ ರಾಣಿಯರು ಬೋರ್ಡಿನಿಂದ ಹೊರಗೆ. ಕಪ್ಪು ರಾಜನಿಗೆ ಕ್ಯಾಸಲಿಂಗ್ (ರಾಜ, ಆನೆ ಒಟ್ಟಿಗೆ ಸರಿದು ರಾಜ ಮೂಲೆಯ ಕಡೆ ಸೇರುವುದು) ಇಲ್ಲ, ಮಧ್ಯದಲ್ಲೇ ನಿಂತಿರುತ್ತಾನೆ. ಕಾಲಾಳುಗಳು ಒಂದರ ಹಿಂದೆ ಒಂದು ಜೋಡಿಯಾಗಿರುತ್ತವೆ. ನೋಡಲು ಚೆನ್ನಾಗಿಲ್ಲ. ಆದರೆ ಒಳಗೆ ನುಗ್ಗಲು ಬಿಳಿಗೆ ದಾರಿಯೇ ಸಿಗುವುದಿಲ್ಲ. ಕ್ಯಾಸ್ಪರೊವ್ ಆ ಪಂದ್ಯದಲ್ಲಿ ಎಂಟು ಸಲ ಬಿಳಿ ಆಡಿದರು, ಒಂದನ್ನೂ ಗೆಲ್ಲಲಿಲ್ಲ. ಕ್ರಾಮ್ನಿಕ್ ತಮ್ಮ ಬಿಳಿಯಲ್ಲಿ ಎರಡು ಗೆದ್ದು 8.5-6.5ಕ್ಕೆ ಪಟ್ಟ ಕಿತ್ತುಕೊಂಡರು. ಜನ ಅದನ್ನು ಬರ್ಲಿನ್ ಗೋಡೆ ಅಂದರು. ಬೇಸರದ ಆಟ ಅಂತ ಬೈದವರೂ ಇದ್ದರು. ಬೇಸರ ಅನ್ನುವುದು ನೋಡುವವರ ತಕರಾರು. ಅಂಥ ಆಟಗಾರನ ಎದುರು ಕೂತು, ದಿನ ಬಿಟ್ಟು ದಿನ ಅದೇ ಗೋಡೆ ಕಟ್ಟಿ, ಒಂದು ಇಟ್ಟಿಗೆಯೂ ಅಲುಗದ ಹಾಗೆ ನೋಡಿಕೊಳ್ಳುವುದು ನನಗಂತೂ ದಾಳಿಗಿಂತ ಕಷ್ಟದ ಕೆಲಸವಾಗಿ ಕಾಣುತ್ತದೆ.

ಅದೇ ಕ್ರಾಮ್ನಿಕ್ ಎಂಟು ವರ್ಷ ಆದ ಮೇಲೆ ಬಾನ್‌ನಲ್ಲಿ ಆನಂದ್ ಎದುರು ಕೂತರು. ಕ್ರಾಮ್ನಿಕ್ ಬಿಳಿ ಹಿಡಿದರೆ ಸೋಲುವುದು ಬಹಳ ಅಪರೂಪ ಅನ್ನುವ ಕಾಲ. ಆನಂದ್ ಆ ಪಂದ್ಯಕ್ಕೆ ಎರಡು ಕಡೆಯೂ ವೇಷ ಬದಲಾಯಿಸಿಕೊಂಡು ಬಂದರು. ಬಿಳಿಯಲ್ಲಿ ವರ್ಷಗಟ್ಟಲೆ ರಾಜನ ಕಾಲಾಳು ಮುಂದಿಟ್ಟು ಆಡಿದವರು ಈಗ ರಾಣಿಯ ಕಾಲಾಳು ಮುಂದಿಟ್ಟರು. ಕಪ್ಪಿನಲ್ಲಿ ಸೆಮಿ-ಸ್ಲಾವ್ ಅನ್ನುವ ಆರಂಭದ ಒಂದು ಅಪಾಯದ ದಾರಿ ಹಿಡಿದರು. ಮೂರನೇ ಗೇಮ್ ಕಪ್ಪು ಹಿಡಿದು ಗೆದ್ದರು. ಐದನೆಯದಕ್ಕೂ ಅದೇ ದಾರಿ, ಮತ್ತೆ ಕಪ್ಪು, ಮತ್ತೆ ಗೆಲುವು. ಆರನೆಯದನ್ನು ಬಿಳಿಯಲ್ಲಿ ಗೆದ್ದರು. ಪಂದ್ಯ ಅಲ್ಲಿಗೇ ಬಹುಪಾಲು ಮುಗಿದಿತ್ತು. ಎದುರಾಳಿ ತನಗೆ ಅತಿ ಭದ್ರ ಅಂದುಕೊಂಡ ಜಾಗಕ್ಕೇ ಹೋಗಿ ಹೊಡೆಯುವುದು ಅಂದರೆ ಇದು. ಬಿಳಿಯಲ್ಲಿ ಸೋತವನು ಎರಡು ಪಟ್ಟು ಸೋಲುತ್ತಾನೆ. ಒಂದು ಅಂಕ ಹೋಯಿತು. ಜತೆಗೆ, ಮುಂದೆ ಬರುವ ಕಪ್ಪು ಗೇಮ್‌ಗಳಲ್ಲಿ ನೆಮ್ಮದಿಯಾಗಿ ಡ್ರಾ ಮಾಡಿಕೊಳ್ಳುವ ಅವಕಾಶವೂ ಹೋಯಿತು, ಈಗ ಅಲ್ಲೂ ಗೆಲ್ಲಲೇಬೇಕು.

ಈಗ ಕೊನೆಯ ಗೇಮ್‌ಗಳ ಪಟ್ಟಿಗೆ ಮತ್ತೆ ಬಂದರೆ ಅಲ್ಲಿ ಏನು ನಡೆಯುತ್ತಿದೆ ಅನ್ನುವುದು ಸ್ವಲ್ಪ ಸ್ವಲ್ಪ ಕಾಣುತ್ತದೆ. ಕೊನೆಯ ಗೇಮ್‌ನಲ್ಲಿ ಬಿಳಿ ಹಿಡಿದವನಿಗೆ ಲಾಭದ ಜತೆ ಜವಾಬ್ದಾರಿಯೂ ಬರುತ್ತದೆ. ಇದು ನಿನ್ನ ಕೊನೆಯ ಬಿಳಿ, ಈಗ ಏನೂ ಮಾಡದಿದ್ದರೆ ಇನ್ಯಾವಾಗ ಅಂತ ಎಲ್ಲರೂ ಕೇಳುತ್ತಾರೆ. ಅವನೂ ಕೇಳಿಕೊಳ್ಳುತ್ತಾನೆ.

ಕಾರ್ಪೊವ್‌ಗೆ 1985ರಲ್ಲಿ ಗೆಲ್ಲದೆ ಬೇರೆ ದಾರಿ ಇರಲಿಲ್ಲ. ಕ್ಯಾಸ್ಪರೊವ್ 12-11ರಲ್ಲಿ ಮುಂದಿದ್ದರು. ಕಾರ್ಪೊವ್ ಗೆದ್ದರೆ 12-12, ಸಮವಾದರೆ ಚಾಂಪಿಯನ್ ಆಗಿದ್ದ ಅವರಲ್ಲೇ ಪಟ್ಟ ಉಳಿಯುತ್ತಿತ್ತು. ಹಾವಿನ ಹಾಗೆ ನಿಧಾನಕ್ಕೆ ಸುತ್ತಿಕೊಂಡು ಹಿಸುಕುವುದು ಅವರ ಆಟ. ಆವತ್ತು ರಾಜನ ಕಡೆಯ ಕಾಲಾಳುಗಳನ್ನು ಮುಂದೆ ನುಗ್ಗಿಸಿ ನೇರ ದಾಳಿಗೆ ಇಳಿದರು. ಕ್ಯಾಸ್ಪರೊವ್ ಸಿಸಿಲಿಯನ್ ಒಳಗೆ ತಾಳಿಕೊಂಡು ಕೂತರು, ಸಮಯ ಬಂದಾಗ ತಿರುಗಿ ಹೊಡೆದರು.

ಟೊಪಲೊವ್ ಕಥೆ ಇನ್ನೊಂದು ಬಗೆ. ಅವರಿಗೆ ಡ್ರಾ ಆದರೂ ನಡೆಯುತ್ತಿತ್ತು, 5.5-5.5 ಇತ್ತು. ಆದರೆ ಡ್ರಾ ಆದರೆ ಟೈಬ್ರೇಕ್, ವೇಗದ ಆಟದಲ್ಲಿ ಆನಂದ್ ಎಂಥವರು ಅನ್ನುವುದು ಎಲ್ಲರಿಗೂ ಗೊತ್ತು. ಹಾಗಾಗಿ ಬಿಳಿ ಇರುವಾಗಲೇ ಮುಗಿಸಬೇಕು ಅನ್ನುವ ಆತುರ. ಆನಂದ್ ಲಾಸ್ಕರ್ ಡಿಫೆನ್ಸ್ ಅನ್ನುವ ಗಟ್ಟಿಮುಟ್ಟಾದ ಹಳೆಯ ದಾರಿ ಹಿಡಿದರು. ಟೊಪಲೊವ್ ತಮ್ಮ ರಾಜನ ಸುತ್ತಲಿನ ಜಾಗವನ್ನು ತಾವೇ ತೆರೆದುಕೊಟ್ಟರು. (ಜ್ವಾಲಾಮುಖಿಯ ಬೂದಿಯಿಂದ ವಿಮಾನಗಳು ನಿಂತು, ಆನಂದ್ ಫ್ರಾಂಕ್‌ಫರ್ಟ್‌ನಿಂದ ಸೋಫಿಯಾಕ್ಕೆ ಸುಮಾರು 40 ಗಂಟೆ ರಸ್ತೆಯಲ್ಲಿ ಬಂದ ಪಂದ್ಯ ಇದೇ. ಮೂರು ದಿನ ಮುಂದೂಡಿ ಅಂತ ಕೇಳಿದ್ದರು, ಒಂದು ದಿನ ಸಿಕ್ಕಿತು. ಮೊದಲ ಗೇಮ್ ಸೋತೂ ಹೋದರು.)

ಡಿಂಗ್ ಇದಕ್ಕೆ ಪೂರ್ತಿ ಉಲ್ಟಾ. ಟೊಪಲೊವ್ ಟೈಬ್ರೇಕ್‌ಗೆ ಹೆದರಿದರೆ, ಡಿಂಗ್ ಟೈಬ್ರೇಕ್ ಬರಲಿ ಅಂತ ಕಾದರು. ಬಿಳಿ ಹಿಡಿದು ಡ್ರಾ ಹುಡುಕಿದರು. ಅಂದರೆ ಕಪ್ಪಿನವನ ಕೆಲಸವನ್ನು ಬಿಳಿಯಲ್ಲಿ ಕೂತು ಮಾಡಿದರು. ಕೇಳುವ ಕೆಲಸ ಬಿಟ್ಟುಕೊಟ್ಟ ಮೇಲೆ ಅದನ್ನು ಗುಕೇಶ್ ಎತ್ತಿಕೊಂಡರು. ಕೊನೆಯ ಹತ್ತಿಪ್ಪತ್ತು ನಡೆಗಳಲ್ಲಿ ಯಾರು ಬಿಳಿ, ಯಾರು ಕಪ್ಪು ಅಂತ ಕಾಯಿ ನೋಡದೆ ಹೇಳಿ ಅಂದರೆ ತಪ್ಪು ಹೇಳುತ್ತಿದ್ದೆವು. ಒತ್ತುತ್ತಿದ್ದವನು ಕಪ್ಪು, ತಡೆಯುತ್ತಿದ್ದವನು ಬಿಳಿ.

ಹೀಗೆ ಪಾತ್ರಗಳು ಅದಲುಬದಲಾಗುವುದಕ್ಕೆ ಆಟದ ಒಳಗೇ ಒಂದು ಕಾರಣ ಇದೆ. ಚೆಸ್‌ನಲ್ಲಿ ಸರದಿ ಬಂದಾಗ ಆಡಲೇಬೇಕು. ಈ ಸಲ ಬೇಡ, ನೀನೇ ಆಡು ಅನ್ನುವ ಹಾಗಿಲ್ಲ. ಆಟದ ಶುರುವಿನಲ್ಲಿ ಇದು ವರ. ಮೊದಲು ಆಡುವವನು ಮುಂದೆ. ಆದರೆ ಕಾಯಿಗಳು ಕಡಿಮೆಯಾದ ಹಾಗೆ, ಅದರಲ್ಲೂ ರಾಜರು ಮತ್ತು ಕಾಲಾಳುಗಳಷ್ಟೇ ಉಳಿದಾಗ, ಆಡಲೇಬೇಕಾದದ್ದೇ ಸಂಕಟವಾಗುತ್ತದೆ. ಅಲುಗಾಡದೆ ನಿಂತರೆ ಬಚಾವು, ಆದರೆ ನಿಲ್ಲಲು ಬಿಡುವುದಿಲ್ಲ. ಝುಗ್‌ಝ್ವಾಂಗ್ ಅಂತ ಜರ್ಮನ್ ಹೆಸರಿನಿಂದ ಕರೆಯುವುದು ಇದನ್ನೇ. ಕೆಲವು ಸ್ಥಿತಿಗಳಲ್ಲಿ ಯಾರ ಸರದಿಯೋ ಅವರೇ ಸೋಲುತ್ತಾರೆ, ಬಿಳಿಯಾದರೂ ಸರಿ, ಕಪ್ಪಾದರೂ ಸರಿ. ಸಿಂಗಪುರದ ಆ ಗೇಮ್ ನಿಂತ ಸ್ಥಿತಿಯಲ್ಲಿ ಎರಡೂ ರಾಜರು ನಡುವೆ ಒಂದೇ ಮನೆ ಬಿಟ್ಟು ಎದುರುಬದುರು ನಿಂತಿದ್ದರು. ಬಿಳಿ ರಾಜ ಇ3ರಲ್ಲಿ, ಕಪ್ಪು ರಾಜ ಇ5ರಲ್ಲಿ. ಸರದಿ ಬಿಳಿಯದು. ಈಗಲ್ಲದಿದ್ದರೆ ಇನ್ನೊಂದು ನಡೆ ಆದ ಮೇಲೆ ದಾರಿ ಬಿಡಲೇಬೇಕು.

ಮೊದಲ ನಡೆಗೆ ಎಷ್ಟು ಬೆಲೆ ಅನ್ನುವುದನ್ನು ನಿಮಿಷಗಳಲ್ಲಿ ಅಳೆಯುವ ಪ್ರಯತ್ನವೂ ನಡೆದಿದೆ. ಆರ್ಮಗೆಡನ್ ಅನ್ನುವ ಗೇಮ್ ಇದೆಯಲ್ಲ, ಅದರಲ್ಲಿ ಡ್ರಾ ಆದರೆ ಕಪ್ಪು ಗೆದ್ದ ಹಾಗೆ. ಅದಕ್ಕೆ ಪರಿಹಾರವಾಗಿ ಬಿಳಿಗೆ ಸಮಯ ಜಾಸ್ತಿ ಕೊಡುತ್ತಾರೆ. ನಾರ್ವೆ ಚೆಸ್‌ನಲ್ಲಿ ಬಿಳಿಗೆ ಹತ್ತು ನಿಮಿಷ, ಕಪ್ಪಿಗೆ ಏಳು. ಬಿಳಿಗೆ ಮೊದಲ ನಡೆಯೂ ಇದೆ, ಮೂರು ನಿಮಿಷ ಹೆಚ್ಚೂ ಇದೆ. ಆದರೂ ಆಯ್ಕೆ ಕೊಟ್ಟರೆ ನಾನು ಕಪ್ಪನ್ನೇ ಆರಿಸುತ್ತೇನೆ. ಗೆಲ್ಲಲೇಬೇಕು ಅನ್ನುವ ಭಾರ ಮೂರು ನಿಮಿಷಕ್ಕೆ ಇಳಿಯುವಂಥದ್ದಲ್ಲ.

ಆ ಭಾರ ಹೊತ್ತೂ ಬಿಳಿಯನ್ನು ಹೇಗೆ ಆಡಬಹುದು ಅನ್ನುವುದಕ್ಕೆ 1987ರ ಸೆವಿಲ್ ಪಂದ್ಯಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅದೇ ಕಾರ್ಪೊವ್, ಅದೇ ಕ್ಯಾಸ್ಪರೊವ್. ಆದರೆ ಎರಡು ವರ್ಷದಲ್ಲಿ ಕುರ್ಚಿ ಬದಲಾಗಿತ್ತು. 23ನೇ ಗೇಮ್ ಸೋತ ಕ್ಯಾಸ್ಪರೊವ್ 11-12ರಲ್ಲಿ ಹಿಂದೆ. ಕೊನೆಯ ಗೇಮ್ ಗೆದ್ದರೆ ಮಾತ್ರ 12-12, ಪಟ್ಟ ಉಳಿಯುತ್ತದೆ. ಕೈಯಲ್ಲಿ ಬಿಳಿ. 1985ರಲ್ಲಿ ಕಾರ್ಪೊವ್ ಕೂತಿದ್ದ ಜಾಗದಲ್ಲಿ ಈಗ ಅವರು. ಬೆಂಕಿಯಂಥ ದಾಳಿಗೇ ಹೆಸರಾದ ಮನುಷ್ಯ. ಏನು ಮಾಡಬಹುದು ಅಂತ ಎಲ್ಲರೂ ಊಹಿಸಿದ್ದರು.

ಅವರು ಇಂಗ್ಲಿಷ್ ಓಪನಿಂಗ್‌ನಿಂದ ಮೆಲ್ಲಗೆ ಶುರು ಮಾಡಿದರು. ಒಂಟೆಗಳನ್ನು ಬೋರ್ಡಿನ ಪಕ್ಕದ ಮನೆಗಳಲ್ಲಿಟ್ಟರು. ಕಾಯಿಗಳನ್ನು ಬೇಗ ಅದಲುಬದಲು ಮಾಡಲಿಲ್ಲ, ನುಗ್ಗಲೂ ಇಲ್ಲ. ಡ್ರಾ ಸಾಕಾಗಿದ್ದ ಕಾರ್ಪೊವ್‌ಗೆ ಹಿಡಿದು ನಿಲ್ಲಿಸಲು ಎದುರಿಗೆ ದಾಳಿಯೇ ಇರಲಿಲ್ಲ. ಪ್ರತಿ ನಡೆಗೂ ಯೋಚನೆ, ಗಡಿಯಾರ ಓಡುತ್ತಿತ್ತು. ಸಮಯದ ಒತ್ತಡದಲ್ಲಿ ಅವರ ಕೈ ತಪ್ಪಿತು. ಕ್ಯಾಸ್ಪರೊವ್‌ಗೆ ಒಂದು ಕಾಲಾಳು ಸಿಕ್ಕಿತು, ಆಟ ಆವತ್ತಿಗೆ ನಿಂತಿತು. ಮರುದಿನ ಮುಂದುವರಿಸಿದಾಗಲೂ ಅವಸರ ಇಲ್ಲ. ಕಾಯಿಗಳನ್ನು ಸರಿಯಾದ ಮನೆಗಳಿಗೆ ಒಂದೊಂದಾಗಿ ತಂದು ಬಿಗಿ ಮಾಡುತ್ತಾ ಹೋದರು. ಕಪ್ಪು ಹಿಡಿದವನು ತಾಳ್ಮೆಯಿಂದ ಕಾಯುವ ಹಾಗೆ ಅವರು ಬಿಳಿಯಲ್ಲಿ ಕಾದರು, ಆದರೆ ಕೇಳುವುದನ್ನು ಒಂದು ನಡೆಗೂ ಬಿಡಲಿಲ್ಲ. ಕಾರ್ಪೊವ್ ಸೋಲೊಪ್ಪಿಕೊಂಡರು. ಪಂದ್ಯ 12-12. ಕಾರ್ಪೊವ್ ಗೆದ್ದೇಬಿಟ್ಟರು ಅಂತ ಹಿಂದಿನ ದಿನ ಬರೆಯಲು ಕೂತಿದ್ದವರೆಲ್ಲ ಮತ್ತೆ ಮೊದಲಿನಿಂದ ಬರೆಯಬೇಕಾಗಿ ಬಂದಿರಬೇಕು.